ಕನ್ನಪ್ಪ ಮಾಸ್ಟ್ರ ಸಿಪ್ಪೆ ಪ್ಯಾಡು

ಗಾಳಿಗೆ ನೋವಾಗುವುದಿಲ್ಲ ಎಂಬುದೇ ಕನ್ನಪ್ಪನ ಕಷ್ಟಕ್ಕೆಲ್ಲ ಮೂಲವಾಯಿತು.

ಎಂಬತ್ತಮೂರನೇ ಇಸವಿಯ ಮಾತು. ತೀರ್ಥಹಳ್ಳಿಯ ಮೇಲಿನ ಕೇರಿಯ ಸಮಾಜ ಮಂದಿರದಲ್ಲಿ ಕನ್ನಪ್ಪ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತಿದ್ದ. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುವಾಗ ಪಾಠಕ್ಕಿಂತ ಹೆಚ್ಚು ಶ್ರದ್ಧೆಯಿಂದ ಕರಾಟೆ ಕಲಿತು ಕಂದು ಬೆಲ್ಟಿನವರೆಗೆ ಬಂದಿದ್ದ. ಕಪ್ಪು ಬೆಲ್ಟಿಗೆ ಇನ್ನೊಂದೇ ಮೆಟ್ಟಿಲು ಎನ್ನುವಾಗ, ದುರದೃಷ್ಟಕ್ಕೆ, ಕೆಲಸ ಸಿಕ್ಕಿಬಿಟ್ಟಿತು. ಈಗ ಒಂದು ಸೊಸೈಟಿಯಲ್ಲಿ ಗುಮಾಸ್ತ. ಅಲ್ಲಿ ಬೆಲ್ಟಿನ ಬಣ್ಣ ಕೇಳುವವರು ಯಾರೂ ಇಲ್ಲ. ‘ಏ ಕನ್ನಪ್ಪ, ಆ ಕಿಟಕಿ ಹಾಕಾ’, ‘ಕನ್ನಪ್ಪ, ಕೆಳಗೆ ಹೋಗಿ ಕಾಫಿ ಹೇಳಿ ಬಾರಾ’ ಎನ್ನುವವರೇ ಎಲ್ಲ.

ಸಂಜೆ ಮಂದಿರದ ಬೀಗ ತೆಗೆದು, ಬಿಳಿ ಅಂಗಿ ತೊಟ್ಟು, ಸೊಂಟಕ್ಕೆ ಆ ಕಂದು ಪಟ್ಟಿ ಬಿಗಿದುಕೊಂಡು ನಿಂತಾಗ ಮಾತ್ರ ಕತೆ ಬೇರೆ. ಮಕ್ಕಳೆಲ್ಲ ಸಾಲಾಗಿ ನೆಟ್ಟಗೆ ನಿಂತು, “ಓಸ್, ಸಾರ್!” ಎಂದು ಕೂಗುತ್ತಿದ್ದವು. ಓಸ್ ಎಂದರೆ ಜಪಾನಿನಲ್ಲಿ ಏನು ಅರ್ಥವೋ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ತೀರ್ಥಹಳ್ಳಿಯಲ್ಲಿ ಅದರ ಅರ್ಥ ಕನ್ನಪ್ಪನೂ ಒಬ್ಬ ಮನುಷ್ಯ ಎಂದು. ಅಷ್ಟು ಕೇಳಿಸಿಕೊಂಡರೆ ಅವನಿಗೆ ಮಾರನೇ ದಿನ ಹತ್ತು ಕಿಟಕಿ ಹಾಕುವ ತ್ರಾಣ ಬರುತ್ತಿತ್ತು.

ಹೀಗಿರುವಾಗ ಒಂದು ಗುರುವಾರ ಸಂಜೆ ಮಂದಿರದ ಸಮಿತಿಯ ಅಧ್ಯಕ್ಷರಾದ ಮುಕುಂದಯ್ಯನವರು ಬಂದು ಬಾಗಿಲಲ್ಲಿ ನಿಂತರು. ದೊಡ್ಡ ಮನೆಯ ಗೌಡರು, ಮಾತು ಕಡಿಮೆ. ಅವರ ಮೊಮ್ಮಗಳು ಶರಾವತಿಯೂ ಆ ತರಗತಿಯಲ್ಲಿತ್ತು. ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದರು.

“ಎಂತ ಮಾಡ್ತಿದಾವೆ ಮಕ್ಳು?”

“ಗುದ್ದು ಹಾಕೋದು ಕಲೀತಿದಾವೆ ಅಯ್ಯ.”

“ಯಾರಿಗೆ?”

“ಯಾರಿಗೂ ಅಲ್ಲ ಅಯ್ಯ. ಗಾಳಿಗೆ.”

“ವರ್ಷದಿಂದ ಗಾಳಿಗೇ?”

“ಹೌದಯ್ಯ.”

“ಗಾಳಿ ಹೊರಗೂ ಉಂಟಲ್ಲ ಮಾರಾಯ! ಅದಕ್ಕೆ ಮಂದಿರ ಯಾಕೆ ಬೇಕು? ಭಜನೆಯವ್ರು ಕೂರಕ್ಕೆ ಜಾಗ ಇಲ್ಲ ಅಂತ ನನ್ ತಲೆ ತಿಂತಿದಾರೆ. ಭಾನುವಾರ ಸಂಜೆ ಸಮಿತಿ ಸೇರ್ತದೆ. ನೋಡಣ.”

ಮುಕುಂದಯ್ಯನವರು ‘ನೋಡಣ’ ಎಂದರೆ ನೋಡಿ ಆಗಿದೆ ಎಂದೇ ಲೆಕ್ಕ. ಕನ್ನಪ್ಪನಿಗೆ ರಾತ್ರಿ ಅನ್ನ ಸೇರಲಿಲ್ಲ. ಮಂದಿರ ಹೋದರೆ ತರಗತಿ ಹೋಯಿತು. ತರಗತಿ ಹೋದರೆ ಅವನು ಬೆಳಗಿನಿಂದ ಸಂಜೆಯವರೆಗೂ ಬರೀ ಕಿಟಕಿ ಹಾಕುವ ಕನ್ನಪ್ಪ. ಅದಕ್ಕಿಂತ ಸಾಯುವುದು ವಾಸಿ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಮಕ್ಕಳು ಏನನ್ನಾದರೂ ಹೊಡೆಯಬೇಕು. ಕಂಡವರ ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಹೊಡೆಯಬೇಕು. ಶಿವಮೊಗ್ಗದಲ್ಲಿ ಅವನ ಗುರುಗಳು ಎರಡೂ ಕೈಗೆ ಚರ್ಮದ ದಪ್ಪ ಪ್ಯಾಡು ಕಟ್ಟಿಕೊಂಡು ಎದುರಿಗೆ ನಿಲ್ಲುತ್ತಿದ್ದರು. ಹುಡುಗರು ಅದಕ್ಕೆ ಒದೆಯುತ್ತಿದ್ದರು. ಅಂಥದ್ದು ಇಲ್ಲಿ ಎಲ್ಲಿ ಸಿಗಬೇಕು? ಶುಕ್ರವಾರ ಬೆಳಿಗ್ಗೆಯೇ ಹಾಸಿಗೆ ಹೊಲಿಯುವ ತಿಮ್ಮಣ್ಣನ ಅಂಗಡಿಗೆ ಹೋಗಿ ಎರಡು ಚೌಕ ದಿಂಬು ಹೊಲಿಯಲು ಹೇಳಿದ.

“ಯಾರು ಮಲಗಕ್ಕೆ ಸಾರ್?” ಎಂದ ತಿಮ್ಮಣ್ಣ.

“ಮಲಗಕ್ಕಲ್ಲ. ಒದೆಯಕ್ಕೆ.”

ತಿಮ್ಮಣ್ಣ ಅವನ ಮುಖ ನೋಡಿ, ಮನೆಯಲ್ಲಿ ಏನೋ ಸರಿ ಇಲ್ಲ ಎಂದುಕೊಂಡ. ಆದರೂ ಕೆಲಸಗಾರ. “ಹಾಗಾದ್ರೆ ಹತ್ತಿ ಬೇಡ. ನಾಲ್ಕು ಒದೆಗೆ ಹಪ್ಪಳ ಆಗ್ತದೆ. ಅಡಿಕೆ ಸಿಪ್ಪೆ ತುಂಬ್ತೀನಿ. ಸುಗ್ಗಿ ಅಲ್ವಾ, ರಸ್ತೆ ಬದಿಗೆ ರಾಶಿ ಬಿದ್ದಿದೆ,” ಎಂದ. ಹೀಗೆ ಗೀರುಗೀರಿನ ಹಾಸಿಗೆ ಬಟ್ಟೆಯ ಹೊಟ್ಟೆಗೆ ಸಿಪ್ಪೆ ತುಂಬಿ, ಹಿಂದೆ ಕೈ ತೂರಿಸಲು ಪಟ್ಟಿ ಇಟ್ಟು ಹೊಲಿದ ಎರಡು ಪ್ಯಾಡುಗಳು ಭಾನುವಾರ ಬೆಳಿಗ್ಗೆ ಸಮಾಜ ಮಂದಿರ ಪ್ರವೇಶ ಮಾಡಿದವು.

ಕನ್ನಪ್ಪ ಅವನ್ನು ಎರಡೂ ಕೈಗೆ ಸಿಕ್ಕಿಸಿಕೊಂಡು ಮಕ್ಕಳ ಎದುರು ನಿಂತ.

“ಇವತ್ತಿಂದ ಗಾಳಿಗೆ ಹೊಡೆಯೋದು ಬಂದ್. ಇದಕ್ಕೆ ಪ್ಯಾಡ್ ಅಂತಾರೆ. ಎದುರಾಳಿ ಅಂತ ತಿಳ್ಕೊಂಡು ಹೊಡೀಬೇಕು. ಗೊತ್ತಾಯ್ತಾ?”

“ಓಸ್, ಸಾರ್!”

ಗುದ್ದು ಚೆನ್ನಾಗಿಯೇ ನಡೆಯಿತು. ವರ್ಷವಿಡೀ ಗುದ್ದಿದ ಮಕ್ಕಳಿಗೆ ಮೊದಲ ಸಲ ತಮ್ಮ ಗುದ್ದಿಗೊಂದು ಉತ್ತರ ಬಂದದ್ದು ಕೇಳಿ ಬಹಳ ಸಂತೋಷವಾಯಿತು. ಒಂದೊಂದು ಏಟಿಗೂ ಸಿಪ್ಪೆಯ ಧೂಳು ಹಾರಿ, ಹೊಡೆದವರೂ ಹೊಡೆಸಿಕೊಂಡವನೂ ಸೀನಿದರು. ಅದೊಂದು ಬಿಟ್ಟರೆ ಕೊರತೆಯಿರಲಿಲ್ಲ.

ಆಮೇಲೆ ಒದೆ. ಮೊದಲು ಶರಾವತಿ. ಸಣ್ಣ ಜೀವ, ಆದರೆ ಕಾಲು ಬಿಟ್ಟರೆ ಬಿಟ್ಟಿತು. ಧಪ್ಪೆಂದು ಪ್ಯಾಡಿಗೆ ಬಿದ್ದ ಆ ಒದೆಗೆ ಕನ್ನಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಮುಕುಂದಯ್ಯನವರು ಈಗ ಇರಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ ಹುಡುಗಿ ಬಗ್ಗಿ, ಬಲಗೈಯಿಂದ ಪ್ಯಾಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಕಾಲು ತಾಗಿದ್ದು ಪ್ಯಾಡಿಗೋ ಅದರ ಹಿಂದಿನ ಕೈಗೋ ಎಂದು ಅನುಮಾನ ಬಂದು ಕೈಯನ್ನೂ ಮುಟ್ಟಿ ಒತ್ತಿಕೊಂಡಿತು. ಇರಲಿ ಎಂದು ಕನ್ನಪ್ಪನ ಪಾದವನ್ನೂ ಮುಟ್ಟಿತು.

“ಏನಮ್ಮಾ ಅದು?”

“ಕಾಲು ತಾಗ್ತು ಸಾರ್.”

“ತಾಗ್ಲಿ ಅಂತಾನೇ ಅಲ್ವೇನೇ ಒದೆಯೋದು!”

“ಹೌದು ಸಾರ್. ಅದ್ಕೇ ಒತ್ಕೊಂಡೆ.”

ಪುಸ್ತಕಕ್ಕೆ ಕಾಲು ತಾಗಿದರೆ, ಪೊರಕೆಗೆ ತಾಗಿದರೆ, ಬಸ್ಸಿನಲ್ಲಿ ಪಕ್ಕದವರ ಚೀಲಕ್ಕೆ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಗಳ ಮಕ್ಕಳು ಅವು. ಗಾಳಿಗೆ ಒದ್ದಷ್ಟು ದಿನ ಯಾವ ತೊಂದರೆಯೂ ಇರಲಿಲ್ಲ. ಈಗ ಎದುರಿಗಿದ್ದದ್ದು ಗುರು.

ಎರಡನೆಯವನು ಮಹಾಗಣಪತಿ, ಹೆಸರಿಗೆ ತಕ್ಕ ಹೊಟ್ಟೆಯ ಹುಡುಗ. ಒದ್ದ, ಬಗ್ಗಿದ. ಅವನು ಏಳುವುದರೊಳಗೆ ಅವಸರಕ್ಕೆ ಮೂರನೆಯವನು ಒದ್ದು, ಆ ಕಾಲು ಮಹಾಗಣಪತಿಯ ಬೆನ್ನಿಗೆ ಬಿತ್ತು. ಮಹಾಗಣಪತಿ ಉರುಳಿದ. ಮೂರನೆಯವನು ಓಡಿಹೋಗಿ ಅವನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಉರುಳುವಾಗ ಮಹಾಗಣಪತಿಯ ಕಾಲು ಇನ್ನಿಬ್ಬರಿಗೆ ತಾಗಿತ್ತಾದ್ದರಿಂದ ಅವನು ಅವರನ್ನು ಹುಡುಕಿಕೊಂಡು ಹೋಗಿ ಬಗ್ಗಿದ. ಅರ್ಧ ಗಂಟೆಯಲ್ಲಿ ಕರಾಟೆ ತರಗತಿ ಮದುವೆ ಮನೆಯಲ್ಲಿ ಆಶೀರ್ವಾದಕ್ಕೆ ನಿಂತ ಸಾಲಿನಂತಾಯಿತು.

“ಎದುರಾಳಿಗೆ ಒದ್ದು ಅವನ ಕಾಲು ಹಿಡಿದ್ರೆ ಅವನು ತಲೆ ಮೇಲೆ ಒಂದು ಬಿಡ್ತಾನೆ ಕಣ್ರೋ!” ಎಂದು ಕನ್ನಪ್ಪ ಗದರಿದ. ಗದರಿದ ನಿಜ, ಆದರೆ ಒಳಗೊಳಗೇ ಅವನಿಗೆ ಹಿತವಾಗಿತ್ತು. ಸೊಸೈಟಿಯಲ್ಲಿ ಎದುರಿಗೆ ಬಂದವರು ಪಕ್ಕಕ್ಕೆ ಸರಿಯುವುದೂ ಇಲ್ಲ. ಇಲ್ಲಿ ಸಾಲುಗಟ್ಟಿ ಪಾದ ಮುಟ್ಟುತ್ತಿದ್ದಾರೆ. ಹೀಗೆಯೇ ಇದ್ದುಬಿಡಲಿ ಎಂದು ಒಂದು ಗಳಿಗೆ ಆಸೆಯಾಯಿತು.

ಆ ಗಳಿಗೆಯಲ್ಲೇ ಅವನ ಕಣ್ಣು ಕಿಟಕಿಗೆ ಹೋಯಿತು. ಕಿಟಕಿಯ ಸರಳು ಹಿಡಿದುಕೊಂಡು ಎದುರು ಮನೆಯ ಜಲಜಮ್ಮ ನಿಂತಿದ್ದರು. ಬಾಯಿಗೆ ಸೆರಗು, ಕಣ್ಣು ಅರಳಿದೆ. ಕೇರಿಯಲ್ಲಿ ನಡೆದದ್ದನ್ನು ಮುಕುಂದಯ್ಯನವರ ಮನೆಗೆ ಮುಟ್ಟಿಸುವ ಭಾರ ಅವರದ್ದೇ. ಕನ್ನಪ್ಪ ನೋಡಿದ್ದೇ ತಡ, ಅಂಗಳದಲ್ಲಿ ಹರವಿದ್ದ ಹಪ್ಪಳವನ್ನೂ ಬಿಟ್ಟು ದೊಡ್ಡ ಮನೆಯ ಕಡೆ ಬಿರಬಿರನೆ ನಡೆದರು. ದಾರಿಯಲ್ಲಿ ಮಂದಿರದ ಪಕ್ಕದ ಮನೆಯ ಹಾಲಮ್ಮ ಸಿಕ್ಕಳು. ಜಲಜಮ್ಮ ನಡುರಸ್ತೆಯಲ್ಲೇ ಒಂದು ಕಾಲು ಅಷ್ಟು ಎತ್ತಿ ಝಾಡಿಸಿ, ಆಮೇಲೆ ಬಗ್ಗಿ ಕಣ್ಣಿಗೊತ್ತಿಕೊಂಡು ತೋರಿಸಿದರು. ಹಾಲಮ್ಮ ಕೆನ್ನೆಗೆ ಕೈ ಇಟ್ಟುಕೊಂಡಳು.

ಕನ್ನಪ್ಪನ ಕೈಯಿಂದ ಪ್ಯಾಡು ಜಾರಿತು. ಇನ್ನು ಊರೆಲ್ಲ ನಗುತ್ತದೆ. ಗಾಳಿಗೆ ಗುದ್ದುವ ಮಕ್ಕಳು ಎನ್ನುವುದೇ ಎಷ್ಟೋ ಮೇಲಾಗಿತ್ತು.

ಸ್ವಲ್ಪ ಹೊತ್ತಿಗೆ ಮಂಜಯ್ಯ ಬಂದ. ಸೊಸೈಟಿಯಲ್ಲಿ ಕನ್ನಪ್ಪನ ಪಕ್ಕದ ಕುರ್ಚಿಯವನು. ಕೇಳದೆ ಬುದ್ಧಿ ಹೇಳುವುದು ಅವನ ಹುಟ್ಟುಗುಣ.

“ನಿನ್ ಕತೆ ಮುಗೀತು ಕಣಾ ಕನ್ನಪ್ಪ,” ಎಂದು ಕೂರುವ ಮೊದಲೇ ಶುರುಮಾಡಿದ. “ದೊಡ್ಡ ಮನೆ ಜಗಲಿಯಿಂದಾನೇ ಬರ್ತಿದೀನಿ. ಜಲಜಕ್ಕ ಎಲ್ಲಾ ಮಾಡಿ ತೋರ್ಸಿದ್ರು. ಮುಕುಂದಯ್ಯನೋರು ಎದ್ದು ನಿಂತ್ಬಿಟ್ರು.”

“ಬೈದ್ರಾ?”

“ಬೈದಿದ್ರೆ ಸಮಾಧಾನ ಇತ್ತು. ಮಾತೇ ಆಡ್ಲಿಲ್ಲ. ಆಮೇಲೆ, ‘ಹೌದನಾ ಜಲಜ? ಸಂಜೆ ಸಮಿತಿಯೋರನ್ನೆಲ್ಲ ಕರ್ಕೊಂಡ್ ಹೋಗ್ತೀನಿ. ಇದನ್ನ ನಾನೇ ಕಣ್ಣಾರೆ ನೋಡ್ಬೇಕು’ ಅಂದ್ರು.”

ಕನ್ನಪ್ಪ ಮಂದಿರದ ನೆಲದ ಮೇಲೆ ಕುಸಿದ. ಸಂಜೆಯೊಳಗೆ ಈ ಬಗ್ಗುವುದನ್ನು ನಿಲ್ಲಿಸದಿದ್ದರೆ ಬೀಗದ ಕೈ ಭಜನೆಯವರ ಸೊಂಟಕ್ಕೆ ಹೋದಂತೆಯೇ. ಮಕ್ಕಳಿಗೆ ಊಟ ಮಾಡಿ ತಕ್ಷಣ ವಾಪಸ್ ಬರಲು ಹೇಳಿ ಕಳಿಸಿದ.

“ಗುರು ಹಿಡಿದ್ರೆ ತಾನೇ ಪಾಪ? ಬೇರೆಯೋರು ಹಿಡೀಲಿ,” ಎಂದ ಮಂಜಯ್ಯ.

“ಯಾರು ಹಿಡೀತಾರೆ?”

“ನಾನಿಲ್ವಾ ಮಾರಾಯ!”

ಮಧ್ಯಾಹ್ನ ಮಂಜಯ್ಯ ಪಂಚೆ ಎತ್ತಿ ಕಟ್ಟಿ ಪ್ಯಾಡು ಹಿಡಿದು ನಿಂತ. ಶರಾವತಿ ಒದ್ದದ್ದೇ ಅವನು ಹಿಂದಿನ ಗೋಡೆಗೆ ಹೋಗಿ ಕೂತ. ಹುಡುಗಿ ಬಿಡದೆ ಅಲ್ಲಿಗೇ ಓಡಿಬಂದು, “ತಪ್ಪಾಯ್ತು ಮಾವ,” ಎಂದು ಪಾದ ಮುಟ್ಟಿತು. ಮಂಜಯ್ಯ ಆ ಊರಿನ ಅರ್ಧ ಮಕ್ಕಳಿಗೆ ಮಾವ, ಇನ್ನರ್ಧಕ್ಕೆ ದೊಡ್ಡಪ್ಪ. ಅವನಿಂದ ಆಗುವುದಲ್ಲ ಎಂದು ಅಲ್ಲಿಗೆ ಖಚಿತವಾಯಿತು. ಅವನ ಸೊಂಟಕ್ಕೂ ಅಷ್ಟೇ ಖಚಿತವಾಯಿತು.

ಪ್ಯಾಡನ್ನು ಕಂಬಕ್ಕೆ ಕಟ್ಟೋಣವೆಂದರೆ ಮಂದಿರದ ಪ್ರತಿ ಕಂಬಕ್ಕೂ ಒಂದೊಂದು ದೇವರ ಪಟ. ಪಟ ತೆಗೆಯೋಣವೆಂದರೆ ಅದನ್ನು ಕೊಡಿಸಿದವರ ಹೆಸರು ಕೆಳಗೆ ಬರೆದಿದೆ, ಅವರೆಲ್ಲ ಸಮಿತಿಯವರು. ಸರಿ, ಅಂಗಳದ ಮರಕ್ಕೆ ಕಟ್ಟೋಣವೆಂದು ಹಗ್ಗ ಹಿಡಿದು ಹೋದರೆ ಹಾಲಮ್ಮ ಎಲ್ಲಿಂದಲೋ ಓಡಿಬಂದಳು.

“ಅಯ್ಯಯ್ಯೋ! ಬುಡದಲ್ಲಿ ನಾಗಪ್ಪನ ಕಲ್ಲು ಕಾಣ್ಸಲ್ವಾ ನಿಮಗೆ? ಮಕ್ಳ ಕೈಲಿ ನಾಗಪ್ಪಂಗೆ ಒದೆಸ್ತೀರಾ? ಊರು ಉಳೀಬೇಕೋ ಬೇಡ್ವೋ?”

ರಸ್ತೆಯಾಚೆಯ ಮರಕ್ಕೆ ಹೋದರೆ ಅದರಲ್ಲಿ ಭೂತ ಇತ್ತಂತೆ. ಕರೆಂಟಿನ ಕಂಬಕ್ಕೆ ಒದೆಸುವುದು ಕನ್ನಪ್ಪನ ಮನಸ್ಸಿಗೇ ಬರಲಿಲ್ಲ. ತಿಮ್ಮಣ್ಣನ ಅಂಗಡಿಯ ಬಾಗಿಲಿಗೆ ಕಟ್ಟಿ ನೋಡಿದರು. ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂದು ಧೈರ್ಯ. ಒಳಗೆ ತಿಮ್ಮಣ್ಣ ಹತ್ತಿಯ ಮೇಲೆ ಮಲಗಿದ್ದ. ಮೊದಲ ಒದೆಗೆ ಎಚ್ಚರಗೊಂಡು, ಕಳ್ಳರೆಂದು ತಿಳಿದು, ಹತ್ತಿ ಬಡಿಯುವ ಕೋಲು ಹಿಡಿದು ಹೊರಗೆ ಬಂದ. ಕಷ್ಟಪಟ್ಟು ಹೊಲಿದ ಪ್ಯಾಡಿಗೆ ಮೈಯೆಲ್ಲ ಹತ್ತಿ ಮೆತ್ತಿಕೊಂಡ ತಿಮ್ಮಣ್ಣನೇ ಎರಡು ಬಾರಿಸಿದ. ಒದೆ ಶುರುವಾದ ಮೇಲೆ ಪ್ಯಾಡಿಗೆ ಹೊಡೆದು ಬಗ್ಗದೆ ಹೋದ ಮೊದಲ ಮನುಷ್ಯ ಅವನೇ.

ಆ ಊರಿನಲ್ಲಿ ಒದೆಯಬಹುದಾದ ವಸ್ತು ಒಂದೂ ಇಲ್ಲ ಎಂದು ಮೂರು ಗಂಟೆಯ ಹೊತ್ತಿಗೆ ಕನ್ನಪ್ಪನಿಗೆ ಅರ್ಥವಾಯಿತು. ಇನ್ನು ಉಳಿದದ್ದು ಮಕ್ಕಳ ಮನಸ್ಸನ್ನೇ ತಿರುಗಿಸುವ ಕೆಲಸ. ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಬ್ಲೇಡಿನಿಂದ ಪ್ಯಾಡಿನ ಹೊಲಿಗೆ ಸ್ವಲ್ಪ ಬಿಚ್ಚಿ, ಒಳಗಿನದನ್ನು ಒಂದು ಹಿಡಿ ತೆಗೆದು ತೋರಿಸಿದ.

“ಇದೇನು?”

“ಸಿಪ್ಪೆ ಸಾರ್.”

“ಸಿಪ್ಪೆಗೆ ನಮಸ್ಕಾರ ಮಾಡ್ತಾರಾ? ದಿನಾ ಇಸ್ಕೂಲಿಗೆ ಹೋಗ್ವಾಗ ತುಳ್ಕೊಂಡೇ ಹೋಗ್ತೀರಲ್ಲ?”

“ಇದನ್ನ ಹಿಡ್ಕೊಂಡಿರೋದು ನೀವಲ್ವಾ ಸಾರ್?” ಎಂದಿತು ಶರಾವತಿ.

ಪ್ರಶ್ನೆ ನ್ಯಾಯವಾದದ್ದೇ. ಕನ್ನಪ್ಪ ಗಂಟಲು ಸರಿಮಾಡಿಕೊಂಡ. “ಪ್ಯಾಡು ಹಿಡ್ಕೊಂಡಾಗ ನಾನು ನಿಮ್ಮ ಸಾರ್ ಅಲ್ಲ. ಯಾರೂ ಅಲ್ಲ. ನಾನೂ ಸಿಪ್ಪೆ ಅಂತಾನೇ ತಿಳ್ಕೊಳ್ಳಿ.” ನೋಡಿ, ಇಷ್ಟು ವರ್ಷ ಸೊಸೈಟಿಯವರು ತಿಳಿದುಕೊಂಡದ್ದನ್ನೇ ಅವನೀಗ ತನ್ನ ಬಾಯಾರೆ ಮಕ್ಕಳಿಗೆ ಕಲಿಸುತ್ತಿದ್ದ.

ಗೋಡೆಗೆ ಒರಗಿ ಸೊಂಟ ನೀವಿಕೊಳ್ಳುತ್ತಿದ್ದ ಮಂಜಯ್ಯನಿಗೆ ಆಗ ಹೊಳೆಯಿತು. “ಮಕ್ಳು ಮರೀತಾವೆ ಕಣಾ. ಒದೆಯುವಾಗ್ಲೇ ನೆನಪಾಗ್ಬೇಕು. ಆ ಹಾ ಹೂ ಅಂತ ಕೂಗಿಸ್ತೀಯಲ್ಲ, ಅದರ ಬದ್ಲು ‘ಸಿಪ್ಪೆ’ ಅಂತ ಕೂಗ್ಸು.”

ಕೂಗಿಸಿದ. ಒದೆಗೊಂದು “ಸಿಪ್ಪೆ!” ಕೂಗು. ಕೂಗಿದ ಕೂಡಲೇ ಎರಡೂ ಕೈ ಸೊಂಟಕ್ಕೆ, ಕಣ್ಣು ನೇರ. ಮೊದಮೊದಲು ಕೈಗಳು ತಾವಾಗಿಯೇ ಕೆಳಕ್ಕೆ ಹೋಗುತ್ತಿದ್ದವು. ಮಹಾಗಣಪತಿಯಂತೂ ಬಗ್ಗಬಾರದೆಂದು ಒದ್ದಾಡಿ ಒದ್ದಾಡಿ ಕಣ್ಣಲ್ಲಿ ನೀರು ತುಂಬಿಕೊಂಡ. ಕನ್ನಪ್ಪ ಕಲ್ಲು ಮನಸ್ಸು ಮಾಡಿದ. “ಬಗ್ಗಿದವರಿಗೆ ಈ ಸಲದ ಪರೀಕ್ಷೆಯಲ್ಲಿ ಹಸಿರು ಬೆಲ್ಟ್ ಇಲ್ಲ,” ಎಂದ. ಪರೀಕ್ಷೆಗೆಂದು ನಡುವೆ ನಡುವೆ ತಾನೇ, “ಸರಿ, ಈಗ ನಮಸ್ಕಾರ ಮಾಡಿ,” ಎನ್ನುತ್ತಿದ್ದ. ನಂಬಿ ಬಗ್ಗಿದವರು ಮಂದಿರಕ್ಕೆ ಒಂದು ಸುತ್ತು ಓಡಬೇಕು. “ನಾನೇ ಹೇಳಿದ್ರೂ ಬಗ್ಗಬಾರದು. ಗೊತ್ತಾಯ್ತಾ?”

“ಓಸ್, ಸಾರ್!”

ಸಂಜೆಯ ಹೊತ್ತಿಗೆ ಒಂದು ಮಗುವೂ ಬಗ್ಗುತ್ತಿರಲಿಲ್ಲ. ಕೊನೆಯ ಸುತ್ತಿನಲ್ಲಿ ಶರಾವತಿ ಒದ್ದು, ಕೈ ಸೊಂಟಕ್ಕಿಟ್ಟು, ಕಲ್ಲಿನಂತೆ ನಿಂತಾಗ ಕನ್ನಪ್ಪನಿಗೆ ಗೆದ್ದೆ ಎನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಬೆಳಿಗ್ಗೆ ಪಾದಕ್ಕೆ ತಾಗಿದ್ದ ಆ ಸಣ್ಣ ಬೆರಳುಗಳು ಇನ್ನು ತಾಗುವುದಿಲ್ಲವಲ್ಲ ಎಂದು ಬೇಸರವೂ ಆಯಿತು.

ಐದು ಗಂಟೆಗೆ ಜೀಪು ಬಂತು. ಮುಕುಂದಯ್ಯನವರು ಗರಿಗರಿ ಪಂಚೆ ಉಟ್ಟು, ಶಾಲು ಹೊದ್ದು ಇಳಿದರು. ಹಿಂದೆ ಸಮಿತಿಯ ಹಿರಿಯರು. ಅವರ ಹಿಂದೆ, ಮದುವಣಗಿತ್ತಿಯನ್ನು ತೋರಿಸಲು ಬಂದವರ ಗತ್ತಿನಲ್ಲಿ, ರೇಷ್ಮೆ ಸೀರೆಯ ಜಲಜಮ್ಮ. ಕುರ್ಚಿ ಹಾಕಿತ್ತು. ಎಲ್ಲರೂ ಕೂತರು. ಮುಕುಂದಯ್ಯನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಶುರು ಮಾಡು ಕನ್ನಪ್ಪ.”

ಶುರುವಾಯಿತು. ಒಂದೊಂದೇ ಮಗು ಮುಂದೆ ಬಂತು. ಧಪ್! “ಸಿಪ್ಪೆ!” ಕೈ ಸೊಂಟಕ್ಕೆ. ಧಪ್! “ಸಿಪ್ಪೆ!” ಕೈ ಸೊಂಟಕ್ಕೆ. ಧೂಳು ಎದ್ದಿತು, ಹಿರಿಯರು ಸೀನಿದರು, ಆದರೂ ಒಂದು ಮಗುವೂ ತಪ್ಪಲಿಲ್ಲ. ಒಂದೇ ದಿನದಲ್ಲಿ ಇಷ್ಟು ಶಿಸ್ತು ಶಿವಮೊಗ್ಗದಲ್ಲೂ ಬಂದಿರಲಿಲ್ಲ. ಕನ್ನಪ್ಪ ಓರೆಗಣ್ಣಲ್ಲಿ ಮುಕುಂದಯ್ಯನವರ ಮುಖ ನೋಡಿದ. ಮುಖ ಗಂಭೀರವಾಗಿತ್ತು. ಸುತ್ತು ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಆಯ್ತಾ?” ಎಂದರು ಮುಕುಂದಯ್ಯನವರು.

“ಆಯ್ತು ಅಯ್ಯ.”

“ಇನ್ನೇನೂ ಇಲ್ವಾ? ಒದ್ದಾದ ಮೇಲೆ?”

ಒದೆ ಸಾಲಲಿಲ್ಲ ಎಂದುಕೊಂಡ ಕನ್ನಪ್ಪ. “ಇದೆ ಅಯ್ಯ! ಮಕ್ಳೇ, ಇನ್ನೂ ಜೋರಾಗಿ! ಜೋಡಿ ಒದೆ!” ಎಂದು ಕೂಗಿದ. ಮಕ್ಕಳು ಉರಿದೆದ್ದರು. ಎಡಕ್ಕೊಂದು ಬಲಕ್ಕೊಂದು ಒದೆ ಬಿದ್ದವು. ಬಿಚ್ಚಿದ ಹೊಲಿಗೆಯಿಂದ ಸಿಪ್ಪೆ ಚಿಮ್ಮಿತು. ಕೊನೆಗೆ ಶರಾವತಿಯ ಕಾಲು ಪ್ಯಾಡು ತಪ್ಪಿ ಕನ್ನಪ್ಪನ ಮೊಣಕೈಗೇ ಬಿದ್ದು, ಅವನು ಅಧ್ಯಕ್ಷರ ಕುರ್ಚಿಯ ಬುಡಕ್ಕೆ ಉರುಳಿ ಬಿದ್ದ. ಬಿದ್ದ ಗುರುವಿನ ತಲೆಯ ಪಕ್ಕದಲ್ಲಿ ಹುಡುಗಿ ಸೊಂಟಕ್ಕೆ ಕೈ ಇಟ್ಟು ನಿಂತು, ದೊಡ್ಡ ದನಿಯಲ್ಲಿ, “ಸಿಪ್ಪೆ!” ಎಂದು ಕೂಗಿತು.

ಮುಕುಂದಯ್ಯನವರು ಜಲಜಮ್ಮನ ಕಡೆ ತಿರುಗಿದರು. “ಎಂತ ಇದು ಜಲಜ?”

“ದೇವ್ರಾಣೆ ಅಯ್ಯ, ಬೆಳಿಗ್ಗೆ ನಾನೇ ನೋಡಿದ್ದು!” ಜಲಜಮ್ಮನ ದನಿ ಅಳುಬುರುಕಾಗಿತ್ತು. “ಒಂದೊಂದ್ ಒದೆಗೂ ಮಕ್ಳು ಬಗ್ಗಿ ಗುರುಗಳ ಪಾದ ಮುಟ್ಟಿ ಕಣ್ಣಿಗೆ ಒತ್ಕೋತಿದ್ವು. ನೋಡಿ ನಂಗೆ ಕಣ್ಣೀರೇ ಬಂದಿತ್ತು. ಎಂಥಾ ಸಂಸ್ಕಾರ ಕಲಿಸ್ತಿದಾರೆ ಅಂತ ನಾಲ್ಕು ಮನೆಗೆ ಹೇಳ್ಕೊಂಡು ಬಂದೆ!”

“ನಾನೂ ಅದನ್ನೇ ನಂಬಿ ಇವ್ರನ್ನೆಲ್ಲ ಕರ್ಕೊಂಡು ಬಂದೆ,” ಎಂದರು ಮುಕುಂದಯ್ಯನವರು. “ಭಜನೆಯೋರಿಗೂ ಹೇಳಿ ಆಗಿತ್ತು, ಬೇರೆ ಜಾಗ ನೋಡ್ಕೊಳ್ಳಿ, ಮಂದಿರ ಕನ್ನಪ್ಪಂಗೇ ಇರ್ಲಿ ಅಂತ. ಹೊಡೆದಾಟ ಯಾರು ಬೇಕಾದ್ರೂ ಕಲಿಸ್ತಾರೆ. ಹೊಡೆದ ಮೇಲೆ ಬಗ್ಗೋದು ಕಲಿಸೋರು ಎಲ್ಲಿ ಸಿಗ್ತಾರೆ? ಅದನ್ನ ನೋಡಕ್ಕೆ ಬಂದ್ರೆ, ನನ್ ಮೊಮ್ಮಗಳು ಗುರುವಿಗೆ ಒದ್ದು ಸಿಪ್ಪೆ ಅಂತ ಬೈತದೆ!”

ನೆಲದ ಮೇಲೆ ಬಿದ್ದಿದ್ದ ಕನ್ನಪ್ಪ ದಡಬಡಿಸಿ ಎದ್ದ. “ಇಲ್ಲ ಅಯ್ಯ! ಬಗ್ತಾರೆ! ಮಕ್ಳಿಗೆ ಬರುತ್ತೆ! ಮಧ್ಯಾಹ್ನದಿಂದ ನಾನೇ ಬಿಡಿಸಿದ್ದು. ಶರಾವತೀ, ನಮಸ್ಕಾರ ಮಾಡಮ್ಮ!”

ಶರಾವತಿ ಒಮ್ಮೆ ಅವನನ್ನು ನೋಡಿತು. ಅಷ್ಟು ಸುಲಭಕ್ಕೆ ಮೋಸ ಹೋಗುವ ಹುಡುಗಿಯಲ್ಲ. “ಇಲ್ಲ ಸಾರ್. ಬಗ್ಗಲ್ಲ!”

“ನಿಜವಾಗ್ಲೂ ಮಾಡಮ್ಮ! ಮಹಾಗಣಪತಿ, ನೀನಾದ್ರೂ ಬಗ್ಗೋ! ಎಲ್ರೂ ಬಗ್ರೋ! ನಿಮ್ಮ ದಮ್ಮಯ್ಯ!”

ಮಕ್ಕಳು ಇನ್ನೂ ನೆಟ್ಟಗಾದರು. ಸೊಂಟದ ಮೇಲಿನ ಕೈ ಇನ್ನೂ ಬಿಗಿಯಾಯಿತು. ಸಾರ್ ಇವತ್ತು ಎಷ್ಟು ಚೆನ್ನಾಗಿ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಮಹಾಗಣಪತಿಗೆ ಆಶ್ಚರ್ಯವಾಯಿತು. ಹಸಿರು ಬೆಲ್ಟು ಇನ್ನೇನು ಸಿಕ್ಕಿತು ಎನ್ನುವ ಹುರುಪಿನಲ್ಲಿ ಎಲ್ಲರೂ ಒಟ್ಟಿಗೆ, “ಬಗ್ಗಲ್ಲ ಸಾರ್!” ಎಂದು ಕೂಗಿದರು.

“ಕಂಡ್ಯಾ?” ಎಂದರು ಮುಕುಂದಯ್ಯನವರು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. “ನೀನು ಬೇಡ್ಕೊಂಡ್ರೂ ಬಗ್ಗಲ್ಲ. ಬೀಗದ ಕೈ ಕೊಡಪ್ಪ.”

ಕನ್ನಪ್ಪ ಕೊಟ್ಟ. ಭಜನೆಯವರು ಇವತ್ತು ರಾತ್ರಿಯಿಂದಲೇ ಬರುತ್ತಾರೆಂದೂ, ಆ ಎರಡು ದಿಂಬು ಇಲ್ಲೇ ಇರಲಿ, ಹಾರ್ಮೋನಿಯಂ ಇಡಲು ಆಗುತ್ತದೆಂದೂ ಸಮಿತಿಯವರು ಅಲ್ಲೇ ತೀರ್ಮಾನಿಸಿದರು. ಜಲಜಮ್ಮ ಮುಖ ಕೊಡದೆ ಹೋಗಿ ಜೀಪಿನ ಹಿಂದೆ ಕೂತರು. ಅವರಿಗೂ ಮರ್ಯಾದೆ ಹೋಗಿತ್ತು, ಪಾಪ. ಮೊಮ್ಮಗಳಿಗೆ, “ಮನೆಗೆ ಬಾ, ನಿನಗಿದೆ,” ಎಂದು ಹೇಳಿ ಮುಕುಂದಯ್ಯನವರೂ ಮೆಟ್ಟಿಲಿಳಿದು ಹೋದರು. ಮಂಜಯ್ಯ ಯಾವಾಗ ಜಾರಿಕೊಂಡಿದ್ದನೋ ಯಾರೂ ನೋಡಲಿಲ್ಲ.

ಕನ್ನಪ್ಪ ಗೋಡೆಯ ಕಡೆ ಮುಖ ಮಾಡಿ ಸೊಂಟದ ಕಂದು ಪಟ್ಟಿ ಬಿಚ್ಚತೊಡಗಿದ. ಅಳು ಬರುತ್ತಿತ್ತು, ಮಕ್ಕಳಿಗೆ ಕಾಣಬಾರದು. ಗಂಟು ಬಿಚ್ಚಿಕೊಳ್ಳಲಿಲ್ಲ. ಹೊರಗೆ ಜೀಪು ಚಾಲೂ ಆದ ಸದ್ದು ಕೇಳಿತು.

ಅಷ್ಟರಲ್ಲಿ ಯಾರೋ ಮೊಣಕೈ ಮುಟ್ಟಿದಂತಾಯಿತು. ತಿರುಗಿ ನೋಡಿದರೆ ಶರಾವತಿ. ಅವನ ಮೊಣಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಬಗ್ಗಿ ಪಾದ ಮುಟ್ಟಿ ಮತ್ತೊಮ್ಮೆ ಒತ್ತಿಕೊಂಡಿತು. ಆಮೇಲೆ ಮತ್ತೆ ಬಗ್ಗಿತು, ಮತ್ತೆ.

“ಏನೇ ಇದು?” ಎಂದ ಕನ್ನಪ್ಪ.

“ಪರೀಕ್ಷೆ ಮುಗೀತಲ್ಲ ಸಾರ್. ಅವರೆಲ್ಲ ಇರೋವಾಗ ತಡ್ಕೊಂಡಿದ್ದೆ. ಮಧ್ಯಾಹ್ನದ ಒದೆಗಳದ್ದೂ ಬಾಕಿ ಇದೆ.” ಅವನ ಮುಖ ನೋಡಿ ಅದಕ್ಕೆ ಹೆದರಿಕೆಯಾಯಿತು. “ಈಗ ಬಗ್ಗಿದ್ರೂ ಬೆಲ್ಟ್ ಹೋಗುತ್ತಾ ಸಾರ್?”

ಅದರ ಹಿಂದೆ ಮಹಾಗಣಪತಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದ. ಅವನ ಹಿಂದೆ ಉಳಿದವರೆಲ್ಲ ಸಾಲಾಗಿ ನಿಂತಿದ್ದರು.

“ಅಯ್ಯಾ!” ಎಂದು ಕೂಗುತ್ತಾ, ಅರ್ಧ ಬಿಚ್ಚಿದ ಪಟ್ಟಿಯನ್ನು ಹಿಡಿದುಕೊಂಡು ಕನ್ನಪ್ಪ ಹೊರಗೆ ಓಡಿದ. “ಅಯ್ಯಾ, ಒಂದು ನಿಮಿಷ! ಬಗ್ತಿದಾರೆ ಅಯ್ಯಾ! ಬಂದು ನೋಡಿ!” ಜೀಪು ತಿರುವಿನಲ್ಲಿ ಕೆಂಪು ಧೂಳೆಬ್ಬಿಸಿ ಮರೆಯಾಯಿತು. ಜಗಲಿಯ ಮೇಲೆ ಕೂತಿದ್ದ ಹಾಲಮ್ಮ, ಪಟ್ಟಿ ಹಿಡಿದು ರಸ್ತೆಯಲ್ಲಿ ನಿಂತ ಅವನನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಕನ್ನಪ್ಪ ಒಳಗೆ ಬಂದು, ಪಟ್ಟಿಯನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡು, ಎರಡೂ ಪಾದ ಜೋಡಿಸಿ ನಿಂತ. ಸಾಲು ಉದ್ದವಿತ್ತು, ಬಾಕಿಯೂ ಬಹಳವಿತ್ತು. ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಭಜನೆಯವರು ಹಾರ್ಮೋನಿಯಂ ಇಳಿಸಿಕೊಂಡು ಕಾಯುತ್ತಿದ್ದರು.